ಅಕ್ಕನ ಕಾಗದದಲ್ಲಿ ಬೆಳೆದವಳು

ಕಾಜಾ ಅಜ್ಜಿ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅಂಗಿ ಕಾರ್ಖಾನೆಯಲ್ಲಿ ಗುಂಡಿ ತೂರುವ ಕಾಜಾಗಳನ್ನು ಹೊಲಿಯುತ್ತಲೇ ಕೂದಲು ನರೆಸಿಕೊಂಡವಳು. ನಿವೃತ್ತಿಯಾದ ಮೇಲೂ ಕಿಟಕಿ ಪಕ್ಕ ಕೂತು ಬೀದಿಯವರ ಅಂಗಿಗಳಿಗೆ ಗುಂಡಿ ಹಚ್ಚಿಕೊಡುತ್ತಿದ್ದಳು. ಗುಂಡಿ ಕಿತ್ತುಹೋಗಿದ್ದು ಹೊಟ್ಟೆಯ ಹತ್ತಿರವಾದರೆ ಊಟ ಕಡಿಮೆ ಮಾಡು ಎಂಬ ಬುದ್ಧಿವಾದವೂ ಜೊತೆಗೆ ಸಿಗುತ್ತಿತ್ತು. ಮಾತಿಗೆ ಬಡತನವಿಲ್ಲದ ಹೆಂಗಸು. ಆದರೆ ವರ್ಷಕ್ಕೊಂದು ಸಲ, ಅಕ್ಟೋಬರ್ ಇಪ್ಪತ್ತರಂದು, ಮಕ್ಕಳು ಸೊಸೆಯಂದಿರು ಹುಟ್ಟುಹಬ್ಬದ ಶುಭಾಶಯ ಹೇಳಿದಾಗ ಮಾತ್ರ ಅವಳ ಮುಖ ಸಪ್ಪಗಾಗುತ್ತಿತ್ತು. ವಯಸ್ಸಾಯಿತೆಂಬ ಬೇಸರ ಇರಬೇಕು ಎಂದು ಮನೆಯವರು ಅಂದುಕೊಂಡಿದ್ದರು. ಅವಳೂ ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟಿದ್ದಳು.

ಅವಳ ತಮ್ಮ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು. ನಿವೃತ್ತನಾದ ಮೇಲೆ ತಪಾಸಣೆಗೆ ಪ್ರಯಾಣಿಕರು ಸಿಗದೆ ವಂಶವೃಕ್ಷಕ್ಕೆ ಕೈ ಹಾಕಿದ. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ. ಇವನು ಅಜ್ಜ ಮುತ್ತಜ್ಜರನ್ನು ಕೆತ್ತಲು ಕೂತ. ಊಟದ ಮೇಜಿನ ತುಂಬ ಒಂದು ದೊಡ್ಡ ಹಾಳೆ, ಹೆಸರಿಗೊಂದು ಚೌಕ, ಚೌಕದೊಳಗೆ ಹುಟ್ಟು, ಮದುವೆ, ಸಾವು. ಪುರಾವೆಯಿಲ್ಲದೆ ಯಾರಿಗೂ ಆ ಮರ ಹತ್ತಲು ಬಿಡುತ್ತಿರಲಿಲ್ಲ. ಎರಡು ಕಡೆ ಎರಡು ಇಸವಿ ಕೊಟ್ಟ ಸೋದರಮಾವನೊಬ್ಬನನ್ನು ಅರ್ಧದಲ್ಲೇ ಕೆಳಗಿಳಿಸಿದ್ದ. ಈ ಹಾಳೆಯ ದೆಸೆಯಿಂದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವ ಗತಿ ಬಂದಿದೆ ಎಂದು ಅವನ ಹೆಂಡತಿ ಸಿಕ್ಕಿದವರಿಗೆಲ್ಲ ದೂರುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಅಕ್ಕನ ಮನೆಗೆ ಬಂದ. ಎಂದಿನಂತೆ ಚಹಾಕ್ಕೆ ಸಕ್ಕರೆ ಸಾಲದು ಎನ್ನಲಿಲ್ಲ. ಲೋಟ ಕೆಳಗಿಟ್ಟು ವಿಷಯಕ್ಕೆ ಬಂದ. ನಗರಸಭೆ ಕಚೇರಿಯ ಜನನ ಮರಣ ವಿಭಾಗದಲ್ಲಿ ಹಳೆಯ ನೋಂದಣಿ ಹುಡುಕುತ್ತಿದ್ದಾಗ ಒಂದು ಮಗುವಿನ ಸಾವು ಕಣ್ಣಿಗೆ ಬಿದ್ದಿತ್ತು.

"ಅಕ್ಕಾ, ಅಪ್ಪ ಅಮ್ಮನ ಹೆಸರು ನಮ್ಮದೇ. ಮಗುವಿನ ಹೆಸರು ನಿಂದು. ಎರಡು ವರ್ಷಕ್ಕೆ ಜ್ವರ ಬಂದು ಹೋಗಿದೆ ಅಂತ ಬರೆದಿದಾರೆ."

ಕಾಜಾ ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಅದು ನಾನಲ್ಲ ಕಣೋ. ನನಗಿಂತ ಮೊದಲು ಹುಟ್ಟಿದವಳು."

ಇಷ್ಟು ವರ್ಷ ಯಾರಿಗೂ ಹೇಳದಿದ್ದುದನ್ನು ಅವಳು ತಮ್ಮನಿಗೆ ಹೇಳಿದಳು. ಮೊದಲ ಮಗು ಹೋದ ಮರುವರ್ಷ ಇವಳು ಹುಟ್ಟಿದಾಗ ಅಮ್ಮ ಅದೇ ಹೆಸರಿಟ್ಟಳು. ಆ ಹೆಸರು ಕೂಗದೆ ಅವಳಿಗೆ ಇರಲಾಗುತ್ತಿರಲಿಲ್ಲ. ಅಪ್ಪನೋ, ದೊಡ್ಡ ಮಗುವಿನ ಲಂಗ ಚಿಕ್ಕದಕ್ಕೆ ತೊಡಿಸುವ ಜಾತಿಯ ಮನುಷ್ಯ. ಜನನದ ಕಾಗದ ಪೆಟ್ಟಿಗೆಯಲ್ಲಿದೆ, ಹೆಸರೂ ಅದೇ, ಇನ್ನೊಂದು ಯಾಕೆ ಎಂದು ಕಚೇರಿಯ ಕಡೆ ತಲೆ ಹಾಕಲಿಲ್ಲ. ಶಾಲೆಗೆ ಸೇರಿಸುವಾಗ ಅದನ್ನೇ ತೋರಿಸಿದ. ಇಷ್ಟುದ್ದ ವಯಸ್ಸಿಗೆ ಇಷ್ಟೇ ಇಷ್ಟು ಹುಡುಗಿಯೇ ಎಂದು ಮೇಷ್ಟರು ನಕ್ಕಿದ್ದರಂತೆ. ಮುಂದೆ ಕಾರ್ಖಾನೆಯವರು ಅದೇ ಕಾಗದ ನೋಡಿ, ಬೆರಳು ಇನ್ನೂ ಗಟ್ಟಿಯಿದ್ದಾಗಲೇ ಮೂರು ವರ್ಷ ಮೊದಲು ಹಾರ ಹಾಕಿ ಮನೆಗೆ ಕಳಿಸಿದರು.

ಅದನ್ನೆಲ್ಲ ಅವಳು ನಕ್ಕು ಮರೆತಿದ್ದಳು. ಮರೆಯಲಾಗದ್ದು ಆ ದಿನ. ಎಲ್ಲರೂ ನೂರು ವರ್ಷ ಬಾಳು ಎಂದು ಹರಸುತ್ತಿದ್ದುದು ಎರಡೇ ವರ್ಷ ಬಾಳಿದವಳ ದಿನದಂದು. ಇನ್ನೊಬ್ಬರ ಪಾಲಿನದನ್ನು ಕದ್ದು ತಿಂದ ಹಾಗೆ ಅವಳಿಗೆ ನಾಚಿಕೆಯಾಗುತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ, ನಾನು ಹುಟ್ಟಿದ್ದು ಯಾವಾಗ ಎಂದು ಅಮ್ಮನನ್ನು ಕೇಳಿದ್ದಳು. ಬೇಸಿಗೆಯಲ್ಲಿ ಎಂದಷ್ಟೇ ಹೇಳಿ ಅಮ್ಮ ಅಳಲು ಶುರು ಮಾಡಿದ್ದಳು. ಆಮೇಲೆ ಕೇಳಲು ಬಾಯಿ ಬರಲಿಲ್ಲ. ಈಗ ಕೇಳೋಣವೆಂದರೆ ಅಮ್ಮನೇ ಇಲ್ಲ.

"ನಂದೇ ಅಂತ ಒಂದು ದಿನ ಬೇಕಾಗಿತ್ತು ನಂಗೆ," ಎಂದಳು. "ಸಾಯೋದ್ರೊಳಗೆ."

ತನಗೆ ಇಂಥದು ಬೇಕು ಎಂದು ಅಕ್ಕ ಕೇಳಿದ್ದನ್ನು ತಮ್ಮ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹಳೆಯ ಕಸುಬು ಅವನ ಕೈ ಬಿಡಲಿಲ್ಲ. ಟಿಕೆಟ್ ಇಲ್ಲದವರು ಸಿಕ್ಕಾಗ ಅವನು ಪಕ್ಕದ ಸೀಟಿನವರನ್ನು ವಿಚಾರಿಸುತ್ತಿದ್ದ, ಇವರು ಹತ್ತಿದ್ದು ಯಾವ ನಿಲ್ದಾಣದಲ್ಲಿ ಎಂದು. ಅಕ್ಕನ ಹತ್ತಿರ ಟಿಕೆಟ್ ಇಲ್ಲ, ಸರಿ. ಪಕ್ಕದ ಸೀಟಿನಲ್ಲಿ ಯಾರಿದ್ದರು?

ಕೆದಕಿ ಕೆದಕಿ ಕೇಳಿದ ಮೇಲೆ ಅವಳಿಗೆ ಅಮ್ಮನ ಒಂದು ಗೊಣಗಾಟ ನೆನಪಿಗೆ ಬಂತು. ಇವಳನ್ನು ಹೆರುವಾಗ ಸೂಲಗಿತ್ತಿ ತಡವಾಗಿ ಬಂದಳಂತೆ. ಹಿಂದಿನ ಬೀದಿಯ ಬೀಗ ರಿಪೇರಿಯವನ ಹೆಂಡತಿಗೆ ಅದೇ ಹೊತ್ತಿಗೆ ನೋವು ಬಂದು, ಅವಳು ಮೊದಲು ಕರೆಸಿಕೊಂಡಿದ್ದಳು. ಆ ಸಿಟ್ಟನ್ನು ಅಮ್ಮ ಕೊನೆಯವರೆಗೂ ಇಟ್ಟುಕೊಂಡಿದ್ದಳು.

ಬೀಗದ ಅಂಗಡಿ ಈಗಲೂ ಅಲ್ಲೇ ಇತ್ತು. ಗೋಡೆ ತುಂಬ ಕೀಲಿಕೈ, ಗಾಳಿಯಲ್ಲಿ ಎಣ್ಣೆಯ ವಾಸನೆ, ಮೊಳೆಗೆ ನೇತುಹಾಕಿದ ಟಾರ್ಚು. ಹಳೆಯ ಬೀಗದವನ ಮಗ ಅರ ಹಿಡಿದು ಕೀಲಿ ಉಜ್ಜುತ್ತ ಕೂತಿದ್ದ. ತಮ್ಮ ಹೆಚ್ಚೇನೂ ಹೇಳದೆ, ನಮ್ಮಕ್ಕ ಹುಟ್ಟಿದ ದಿನವೇ ನಿಮ್ಮ ಮನೆಯಲ್ಲಿ ಹುಟ್ಟಿದ್ದು ಯಾರು ಎಂದು ಕೇಳಿದ. ನಾವು ಆರು ಜನ ಸ್ವಾಮಿ, ಯಾರೆಂದು ಹೇಳಲಿ ಎಂದ ಅವನು. ತಮ್ಮನ ಮುಖ ಬಾಡಿತು. ಉಳಿದವರೆಲ್ಲ ಊರೂರು ಸೇರಿದ್ದರು, ಅವರ ಕಾಗದ ತರಿಸಿ ಇಸವಿ ನೋಡುವುದು ಯಾವಾಗ?

ಆಗ ಕಾಜಾ ಅಜ್ಜಿ ಮುಂದೆ ಬಂದು, ನಿಮ್ಮ ತಾಯಿ ಯಾವಾಗಲಾದರೂ ಸೂಲಗಿತ್ತಿಯನ್ನು ಬೈದಿದ್ದು ಉಂಟೇ ಎಂದು ಕೇಳಿದಳು.

ಅವನು ಅರ ಕೆಳಗಿಟ್ಟು ನಕ್ಕ. "ಪ್ರತಿ ವರ್ಷ ನನ್ನ ಹುಟ್ಟುಹಬ್ಬಕ್ಕೆ ಅದೇ ಕತೆ. ನನ್ನನ್ನ ಪೂರ್ತಿ ಒರೆಸೋಕೂ ಬಿಡದೆ ಮುಂದಿನ ಬೀದಿಯವರು ಸೂಲಗಿತ್ತಿನ ಎಳ್ಕೊಂಡು ಹೋದ್ರು ಅಂತ. ಅಲ್ಲಿ ಸಂಜೆಯೊಳಗೆ ಹೆಣ್ಣು ಮಗು ಆಯ್ತಂತೆ."

ಅವನು ಒಳಗಿನಿಂದ ತನ್ನ ಜನನ ಪ್ರಮಾಣಪತ್ರ ತಂದ. ಕನ್ನಡಕ ಏರಿಸಿ ತಮ್ಮ ಮೊದಲು ಇಸವಿ ನೋಡಿದ. ದೊಡ್ಡ ಮಗು ತೀರಿಕೊಂಡ ಮರುವರ್ಷ. ತಾರೀಖು ಮಾರ್ಚ್ ಒಂಬತ್ತು. ಬೇಸಿಗೆ ಎಂದ ಅಮ್ಮನ ಮಾತೂ ಸುಳ್ಳಾಗಲಿಲ್ಲ. ಕಾಜಾ ಅಜ್ಜಿ ಅದನ್ನು ಇಸಿದುಕೊಂಡು ಮತ್ತೆ ಮತ್ತೆ ಓದಿದಳು. ಹಾಗಾದರೆ ನಿಮಗಿಂತ ನಾನೇ ಹಿರಿಯ, ಇನ್ನು ಮುಂದೆ ಮರ್ಯಾದೆ ಕೊಡಬೇಕು ಎಂದು ಬೀಗದವನು ತಮಾಷೆ ಮಾಡಿದಾಗ ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆಯಲಿಲ್ಲ.

ಸಂಜೆ ತಮ್ಮನ ಮನೆಯ ಮೇಜಿನ ಮುಂದೆ ಇಬ್ಬರೂ ಕೂತರು. ತಮ್ಮ ರಬ್ಬರು ತೆಗೆದು, ಅಕ್ಕನ ಚೌಕದಲ್ಲಿದ್ದ ಅಕ್ಟೋಬರ್ ಇಪ್ಪತ್ತನ್ನು ಉಜ್ಜಲು ಹೋದ. ಅವಳು ಅವನ ಕೈ ಹಿಡಿದಳು.

"ಅಳಿಸಬೇಡ. ಅದು ಅಕ್ಕಂದು."

ತಮ್ಮ ತಲೆ ಎತ್ತಿದ. ಮನೆಗೆ ಹಿರಿಯಳೆಂದು ಬೆಳೆದವಳು, ತಮ್ಮನ ಬಾಯಲ್ಲಿ ಆ ಶಬ್ದ ಕೇಳಿ ಕೇಳಿ ಮುದುಕಿಯಾದವಳು. ಅವಳು ಯಾರನ್ನೂ ಹಾಗೆ ಕರೆದದ್ದೇ ಇರಲಿಲ್ಲ. ತನ್ನ ಬಾಯಿಂದ ಅದು ಬಂದದ್ದು ಅವಳಿಗೂ ಈಗಷ್ಟೇ ಕೇಳಿಸಿತ್ತು. ಆ ಚೌಕದ ಮೇಲೆ ಬೆರಳಿಟ್ಟು, ತನಗೆ ಪಕ್ಕದಲ್ಲಿ ಬೇರೆ ಚೌಕ ಎಳೆಯಲು ಹೇಳಿದಳು.

"ಅದೇ ಹೆಸರು ಎರಡು ಸಲ ಬರಿ," ಎಂದಳು. "ನಾನು ಅವಳ ತಂಗಿ."