ತುದಿಬೆರಳು ಉಳಿಸುವ ಪಟ್ಟಿ ಅಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಕಟ್ಟು ಹಾಕುವ ಕೋಣೆಯಲ್ಲಿ ಐವತ್ಮೂರರ ಸಹಾಯಕಿಯೊಬ್ಬರು ಮುರಿದ ಬೆರಳಿಗೆ ಆಸರೆಯಾಗಿ ಕಟ್ಟುವ ಪಟ್ಟಿಗಾಗಿ ಅಲ್ಯೂಮಿನಿಯಂ ತಗಡನ್ನು ಬೆರಳುದ್ದಕ್ಕೆ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜುತ್ತಿದ್ದಾರೆ. ಉಜ್ಜಿದ್ದನ್ನು ತಮ್ಮ ಕೆನ್ನೆಗೇ ಸವರಿ ನೋಡುತ್ತಾರೆ. ಚುಚ್ಚದಿದ್ದರೆ ಮಾತ್ರ ಅದು ಡಬ್ಬಿ ಸೇರುತ್ತದೆ. ಎಲ್ಲರ ಬಾಯಲ್ಲೂ ಅವರು ‘ಪಟ್ಟಿ ಅಕ್ಕ’.

ಅಷ್ಟರಲ್ಲಿ ಟೈಲರ್ ಒಬ್ಬಳು ಕೈಗೆ ಬಟ್ಟೆ ಸುತ್ತಿಕೊಂಡು ಬರುತ್ತಾಳೆ. ಅಂಗಡಿಯ ಶಟರ್ ಬಿದ್ದು ತೋರುಬೆರಳ ತುದಿ ಜಜ್ಜಿದೆ. ಉಗುರು ಕಿತ್ತಿದೆ, ಒಳಗೆ ಮೂಳೆ ಮುರಿದಿದೆ. ಡಾಕ್ಟರು ಎರಡು ದಾರಿ ಹೇಳುತ್ತಾರೆ. ತುದಿ ಕತ್ತರಿಸಿ ಹೊಲಿದರೆ ಬೇಗ ವಾಸಿ. ಉಳಿಸಬೇಕೆಂದರೆ ಉಗುರಿನಡಿ ಹೊಲಿಗೆ, ಮೂಳೆಗೆ ಸಣ್ಣ ತಂತಿ, ಮೇಲೆ ಪಟ್ಟಿ. ಆರು ವಾರ ಸೂಜಿ ಮುಟ್ಟುವಂತಿಲ್ಲ.

“ಕತ್ತರಿಸಿಬಿಡಿ. ಆರು ವಾರ ಕೂತ್ರೆ ಗಿರಾಕಿ ಒಬ್ರೂ ಉಳಿಯಲ್ಲ.”

ಅಕ್ಕ ಕೈಗವಸು ಕಳಚುತ್ತಾರೆ. ಅವರ ಎಡಗೈ ತೋರುಬೆರಳು ಉಗುರಿಲ್ಲದೆ ಮೋಟಾಗಿದೆ. “ಡಬ್ಬ ಮಾಡೋ ಕಾರ್ಖಾನೇಲಿ ಪ್ರೆಸ್ಸಿಗೆ ಸಿಕ್ಕಿದ್ದು. ಇನ್ನೊಂದು ದಾರಿ ಇದೆಯಾ ಅಂತ ಕೇಳೋಕೂ ಗೊತ್ತಿರ್ಲಿಲ್ಲ ನಂಗೆ. ನೀನು ಯೋಚ್ನೆ ಮಾಡಮ್ಮ. ಕತ್ತರಿಸೋದು ನಾಳೆನೂ ಆಗತ್ತೆ, ಅಂಟಿಸೋದು ಎಂದಿಗೂ ಆಗಲ್ಲ.”

ಟೈಲರ್ ಅಕ್ಕನ ಮೋಟು ಬೆರಳನ್ನು ನೋಡುತ್ತಾಳೆ, ಆಮೇಲೆ ತನ್ನದನ್ನು. “ಉಳಿಸಿ” ಎನ್ನುತ್ತಾಳೆ.

ಬೆರಳಿನ ಜೊತೆ ಕಾರ್ಖಾನೆಯ ಕೆಲಸವೂ ಹೋದಾಗ ಅಕ್ಕ ಇಲ್ಲಿಗೆ ಕಸ ಗುಡಿಸಲು ಬಂದವರು. ಪೊರಕೆ ಹಿಡಿದೇ ನೋಡಿ ನೋಡಿ ಕಲಿತರು. ಈಗ ಹತ್ತೊಂಬತ್ತು ವರ್ಷ. ದಿನಕ್ಕೆ ಇಪ್ಪತ್ತು, ಮೂವತ್ತು ಬೆರಳು. ಹೆಚ್ಚಿನವಕ್ಕೆ ತಂತಿಯೂ ಬೇಡ. ಉಗುರಿನಡಿ ಕಟ್ಟಿದ ರಕ್ತವನ್ನು ಡಾಕ್ಟರು ಹೊರಬಿಟ್ಟರೆ, ಅಕ್ಕ ಮೂರು ವಾರದ ಪಟ್ಟಿ ಕಟ್ಟುತ್ತಾರೆ. “ಬಾಗಿಲ ಸಂದಿ, ಸುತ್ತಿಗೆ, ಚೆಂಡು. ಈ ಮೂರೇ ನಮ್ಮ ಅನ್ನದಾತರು” ಎಂದು ನಗುತ್ತಾರೆ. ಮರುಕ್ಷಣವೇ ಮುಖ ಗಂಭೀರ. “ಒಂದ್ಸಲ ಬಿಗಿ ಜಾಸ್ತಿಯಾಗಿ ಮಗು ಬೆರಳು ನೀಲಿಗಟ್ಟಿತ್ತು. ತಕ್ಷಣ ಬಿಚ್ಚಿದ್ವಿ, ಸರಿಹೋಯ್ತು. ಆವತ್ತಿಂದ ಕಟ್ಟಿದ್ಮೇಲೆ ಅರ್ಧ ಗಂಟೆ ಯಾರನ್ನೂ ಕಳಿಸಲ್ಲ.”

ಆರು ವಾರ ಕಳೆದು ಟೈಲರ್ ಮತ್ತೆ ಬೆಂಚಿನ ಮೇಲೆ ಕೂತಿದ್ದಾಳೆ. ಗಿರಾಕಿಗಳು ಅರ್ಧಕ್ಕರ್ಧ ಚದುರಿದ್ದಾರೆ. ಉಗುರು ಸೊಟ್ಟಗೆ ಬರುತ್ತಿದೆ. ಅಕ್ಕ ಪಟ್ಟಿ ಬಿಚ್ಚುತ್ತಾರೆ, ಡಾಕ್ಟರು ತಂತಿ ತೆಗೆಯುತ್ತಾರೆ. ಆಮೇಲೆ ಅಕ್ಕ ಅವಳ ಕಣ್ಣು ಮುಚ್ಚಿಸಿ, ತುದಿಗೆ ಏನೋ ತಾಕಿಸುತ್ತಾರೆ.

“ಹತ್ತಿ.”

“ಇದು?”

“ಬಟ್ಟೆ. ತೆಳು ನೇಯ್ಗೆ... ಅಂಚು ಹೊಲಿದಿಲ್ಲ.” ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯುತ್ತದೆ.

ಅವಳು ಹೋದ ಮೇಲೆ ಅಕ್ಕ ಬೆಂಚು ಒರೆಸುತ್ತಾ ಹೇಳುತ್ತಾರೆ: “ನಾಳೆ ಬೀದೀಲಿ ಸಿಕ್ರೆ ಅವಳಿಗೆ ನನ್ನ ಗುರುತೇ ಹತ್ತಲ್ಲ. ಹತ್ತಬಾರ್ದು ಕೂಡ. ಬೆರಳು ನೋಯ್ತಾ ಇದ್ರೆ ತಾನೇ ನಮ್ಮ ನೆನಪಾಗೋದು?”