ನಾನೇ ಬರೆದುಕೊಟ್ಟ ಡೈವೋರ್ಸು

"ಈ ಅಕ್ಷರ ಯಾರದು?"

ಗುಂಡ್ಲುಪೇಟೆಯ ಲಾಯರಮ್ಮ ಕನ್ನಡಕದ ಮೇಲಿಂದ ನೋಡಿ ಕೇಳಿದಾಗ ನಾನು ಸ್ವಲ್ಪ ಬೀಗಿಯೇ ಹೇಳಿದೆ, "ನಂದೇ ಮೇಡಂ."

ಎಷ್ಟಾದರೂ ಬೋರ್ಡಿನ ಮೇಲೆ ಬರೆದು ಪಳಗಿದ ಕೈ. ಊರಿನಲ್ಲಿ ಯಾರ ಅರ್ಜಿಯಾದರೂ ನನ್ನ ಹತ್ತಿರವೇ ಬರುತ್ತದೆ. (ಹೊಗಳಿದರೆ ಉಬ್ಬದ ಮೇಷ್ಟ್ರನ್ನು ನೀವು ಎಲ್ಲಾದರೂ ನೋಡಿದ್ದೀರಾ?)

"ಅಕ್ಷರ ಚೆನ್ನಾಗಿದೆ ಸಾರ್. ಆದ್ರೆ ಇದು ಡೈವೋರ್ಸ್ ಅಲ್ಲ. ಈ ಹುಡುಗಿ ಇವತ್ತಿಗೂ ಅವನ ಹೆಂಡತಿ."

ಪಕ್ಕದಲ್ಲಿ ಕೂತಿದ್ದ ಪವಿತ್ರ, ನನ್ನ ಅಕ್ಕನ ಮಗಳು, ತನ್ನ ಬರಿಗೊರಳನ್ನು ಮುಟ್ಟಿ ನೋಡಿಕೊಂಡಳು. ಹಂಗಳದ ಸಿದ್ದರಾಜು ಜೊತೆ ಅವಳ ಎರಡನೇ ಮದುವೆಗೆ ಇನ್ನು ಇಪ್ಪತ್ತೇ ದಿನ ಬಾಕಿ ಇತ್ತು. ಕಾರ್ಡು ಪ್ರಿಂಟಿಗೆ ಹೋಗಿತ್ತು.

ಮೂರು ವರ್ಷದ ಹಿಂದಿನ ಮಾತು. ಭೀಮನಬೀಡಿನ ಅಕ್ಕನ ಮನೆ ಜಗಲಿಯಲ್ಲಿ ಹಿರಿಯರು ಕೂತರು. ಪವಿತ್ರಳ ಗಂಡ ಮಾದೇಶ ಪುಣಜನೂರಿನವನು. ಕುಡಿದರೆ ಕೈ ಮಾಡುತ್ತಿದ್ದ. ಕುಡಿಯದಿದ್ದರೂ ಮಾಡುತ್ತಿದ್ದ. ಬಿಟ್ಟುಬಿಡುವುದೇ ಸರಿ ಎಂದು ಎರಡೂ ಕಡೆಯವರು ಒಪ್ಪಿದರು. ಅವಳು ತಾಳಿ ಬಿಚ್ಚಿ ತಟ್ಟೆಯಲ್ಲಿಟ್ಟಳು. ನಾನು ಬಾಂಡ್ ಪೇಪರಿನ ಮೇಲೆ ಬರೆದೆ: "ಇನ್ನು ಮುಂದೆ ನನಗೂ ನಿನಗೂ ಯಾವ ಸಂಬಂಧವೂ ಇರುವುದಿಲ್ಲ." ಇಬ್ಬರೂ ಸೈನ್ ಹಾಕಿದರು. ಸಾಕ್ಷಿಗೆ ನಾನೂ ಹಾಕಿದೆ. ನೋಟರಿಯ ಸೀಲು ಬಿತ್ತು. ಸೀಲು ಬಿದ್ದ ಮೇಲೆ ಅನುಮಾನ ಯಾರಿಗೆ?

ಸಿದ್ದರಾಜುವಿನ ಅಕ್ಕನಿಗೆ. "ಒಂದ್ಸಲ ಲಾಯರ್‌ಗೆ ತೋರ್ಸಿ ಸಾ, ಸುಮ್ನೆ ಧೈರ್ಯಕ್ಕೆ" ಅಂದಿದ್ದಳು ಪುಣ್ಯಾತ್ಗಿತ್ತಿ. ಧೈರ್ಯಕ್ಕೆ ಬಂದವರು ನಾವು.

"ನಮ್ಮಲ್ಲಿ ಅಜ್ಜ ಮುತ್ತಜ್ಜನ ಕಾಲದಿಂದ ಇದೇ ಪದ್ಧತಿ ಮೇಡಂ" ಎಂದು ವಾದಿಸಿದೆ.

"ಪದ್ಧತಿ ಇದ್ರೆ ಕಾನೂನೂ ಒಪ್ಪುತ್ತೆ ಸಾರ್. ಆದ್ರೆ ಕೋರ್ಟಲ್ಲಿ ಅದನ್ನ ಪ್ರೂವ್ ಮಾಡ್ಬೇಕು. ಅವತ್ತು ಜಗಲಿ ಮೇಲೆ ಕೂತಿದ್ದೋರು ಬಂದು ಹೇಳ್ತಾರಾ?"

ಇಬ್ಬರು ತೀರಿಕೊಂಡಿದ್ದಾರೆ. ಉಳಿದವರು ಕೋರ್ಟು ಅಂದರೆ ಊರೇ ಬಿಡುತ್ತಾರೆ.

ಲಾಯರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಒಂದು ವರ್ಷದಿಂದ ಬೇರೆ ಇದ್ದು, ಇಬ್ಬರೂ ಒಪ್ಪಿದರೆ ಜಂಟಿ ಅರ್ಜಿ. ಇಬ್ಬರ ಆಧಾರ್, ಲಗ್ನಪತ್ರಿಕೆ, ಮದುವೆ ಫೋಟೋ ಬೇಕು. (ಮದುವೆ ಮುರಿಯಲು ಮೊದಲು ಮದುವೆ ಆಗಿತ್ತೆಂದು ತೋರಿಸಬೇಕು ನೋಡಿ! ಪವಿತ್ರ ಆಲ್ಬಂ ಅನ್ನು ಒಲೆಗೆ ಹಾಕಿ ಎಷ್ಟೋ ಕಾಲವಾಗಿತ್ತು.) ಆಮೇಲೆ ಆರು ತಿಂಗಳು ಕಾಯಬೇಕು. ಜಡ್ಜ್ ಮನಸ್ಸು ಮಾಡಿದರೆ ಅದು ಕಮ್ಮಿಯಾಗಬಹುದು. ಕೊನೆಗೆ ಇಬ್ಬರೂ ಮತ್ತೆ ಬಂದು ಜಡ್ಜ್ ಎದುರು ಬೇಡವೆಂದೇ ಹೇಳಬೇಕು. ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಕೈಗೆ ಬರುವವರೆಗೆ ಇನ್ನೊಂದು ಮದುವೆಯ ಮಾತೇ ಇಲ್ಲ.

"ಅವ್ನು ಒಪ್ನಿಲ್ಲ ಅಂದ್ರೆ ಅಕ್ಕಾ?" ಪವಿತ್ರಳ ದನಿ ಬಾವಿಯೊಳಗಿಂದ ಬಂದಂತಿತ್ತು.

"ನೀನೊಬ್ಬಳೇ ಕೇಸ್ ಹಾಕ್ಬೇಕಮ್ಮ. ಕಾರಣ ತೋರಿಸ್ಬೇಕು, ಸಾಕ್ಷಿ ಕೊಡ್ಬೇಕು. ಎಷ್ಟು ವರ್ಷ ಅಂತ ನಾನು ಹೇಳಲಾರೆ."

ಮನೆಗೆ ಬಂದು ಹೇಳಿದರೆ ಅಕ್ಕ ಎದೆ ಬಡಿದುಕೊಂಡಳು. "ಬ್ಯಾಡ ಕಣ್ಲಾ, ಅವನ್ತಾವ್ಕೆ ಓಗ್ಬ್ಯಾಡ! ಇವ್ಳಿನ್ನೂ ನನ್ನೆಂಡ್ತಿ ಅಂತ ಗೊತ್ತಾದ್ರೆ ಬಂದು ಎಳ್ಕೊಂಡೋಗ್ಬುಡ್ತನೆ. ಸುಮ್ಕೆ ಮದ್ವೆ ಮಾಡ್ಬುಡನ."

ಅಕ್ಕನ ಮಾತಿನಲ್ಲಿ ಸುಳ್ಳೇನಿತ್ತು? ಅವನಿಗೆ ಗೊತ್ತೇ ಇಲ್ಲದ ಅಧಿಕಾರವನ್ನು ನಾವೇ ಹೋಗಿ ಅವನ ಕೈಗೆ ಕೊಡಬೇಕಿತ್ತು. ಮಲಗಿದ ಹುಲಿಯನ್ನು ತಟ್ಟಿ ಎಬ್ಬಿಸಿ, ಸ್ವಾಮಿ, ಇಲ್ಲೊಂದು ಸೈನ್ ಹಾಕಿ ಅಂದ ಹಾಗೆ.

"ಎಷ್ಟ್ ದಿನ ಎದ್ರುಕೊಂಡಿರನವ್ವ?" ಅಂದಳು ಪವಿತ್ರ. "ನಡಿ ಮಾವ, ನಾನೂ ಬತ್ತೀನಿ."

ಚಾಮರಾಜನಗರದಲ್ಲಿ ಬಸ್ಸು ಬದಲಿಸಿದೆವು. ಕಾಡು ಶುರುವಾದಾಗಿನಿಂದ ಅವಳು ಮುಂದಿನ ಸೀಟಿನ ಕಂಬಿ ಬಿಡಲೇ ಇಲ್ಲ. ನಾನು ಧೈರ್ಯ ಹೇಳೋಣವೆಂದು ಬಾಯಿ ತೆರೆದೆ. "ನೀರು ಬೇಕಾ?" ಅಂದೆ.

ಮಾದೇಶ ಮನೆಯಲ್ಲೇ ಇದ್ದ. ಪವಿತ್ರಳನ್ನು ಕಂಡು ಎದ್ದು ನಿಂತ. ಅವಳು ನನ್ನ ಬೆನ್ನ ಹಿಂದೆ ಸರಿದಳು. ಲಾಯರಮ್ಮ ಹೇಳಿದ್ದನ್ನೆಲ್ಲ ನಾನು ಒಂದೇ ಉಸಿರಿಗೆ ಒಪ್ಪಿಸಿದೆ. ಕೂಗಾಡುತ್ತಾನೆ, ಕೈ ಎತ್ತುತ್ತಾನೆ ಎಂದು ಕಾದೆ.

ಅವನು ಒಳಗೆ ಓಡಿಹೋಗಿ ಒಂದು ಕಾಗದ ತಂದ. ನಾನು ಬರೆದ ಕಾಗದದ ಜೆರಾಕ್ಸು. ಲ್ಯಾಮಿನೇಷನ್ ಮಾಡಿಸಿದ್ದ!

"ನೀವೇ ತಾನೆ ಮೇಷ್ಟ್ರೆ ಬರ್ದಿದ್ದು? ಜ್ವಾಪಾನ್ವಾಗಿ ಮಡ್ಗಿವ್ನಿ. ಇದ ತೋರ್ಸೇ ನಾನು ಇನ್ನೊಂದ್ ಮದ್ವೆ ಆದದ್ದು! ಈಗ ಇದು ನಡಿಯಾಕಿಲ್ಲ ಅಂದ್ರೆ? ನನ್ನ ಜೈಲಿಗಾಕ್ತಾರಾ?"

ಕಾಗದವನ್ನು ಎದೆಗೆ ಅವಚಿಕೊಂಡು ನಿಂತ. ಪವಿತ್ರ ನನ್ನ ಬೆನ್ನ ಹಿಂದಿನಿಂದ ಮುಂದೆ ಬಂದು, ಅವನನ್ನು ಮೊದಲ ಸಲ ನೋಡುವಂತೆ ನೋಡಿದಳು. "ಸೈನ್ ಆಕು ಸಾಕು" ಅಂದಳು. "ನಾನ್ಯಾಕೆ ಜೈಲಿಗಾಕ್ಸನ?"

ಆಗ ಬಾಗಿಲಲ್ಲಿ ಒಬ್ಬಳು ಹೆಂಗಸು ಕಂಡಳು. ತಾಳವಾಡಿ ಕಡೆಯವಳು. ಸೊಂಟದಲ್ಲಿ ಕೂಸು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಗಂಡನನ್ನು ಕೇಳಲಿಲ್ಲ, ನನ್ನನ್ನೇ ಕೇಳಿದಳು:

"ಈಯಮ್ಮ ಎಂಡ್ತಿ ಅಂದ್ರೆ ನಾನ್ಯಾರಣ್ಣ?"

ಮಾದೇಶ ಸೈನ್ ಹಾಕಿದ. ಅವನ ಕಡೆಯವರ ಹತ್ತಿರ ಒಂದು ಫೋಟೋ, ಲಗ್ನಪತ್ರಿಕೆ ಎರಡೂ ಸಿಕ್ಕಿದವು. ಚಾಮರಾಜನಗರದ ಕೋರ್ಟಿನಲ್ಲಿ ಅರ್ಜಿ ಬಿದ್ದಿದೆ. ಸಿದ್ದರಾಜು ಕಾಯುತ್ತೇನೆ ಅಂದಿದ್ದಾನೆ. ಫೋನು ಬಂದಾಗಲೆಲ್ಲ ಪವಿತ್ರ ಬೆಚ್ಚುತ್ತಾಳೆ, ಮಾದೇಶ ಮನಸ್ಸು ಬದಲಿಸಿದನೇನೋ ಎಂದು. ಡಿಕ್ರಿ ಬಂದರೆ ಇವಳ ದಾರಿ ಸಲೀಸು. ಆ ತಾಳವಾಡಿಯವಳೋ, ತನ್ನ ಗಂಡನನ್ನೇ ಇನ್ನೊಮ್ಮೆ ಮದುವೆಯಾಗಬೇಕಂತೆ. ಲಾಯರಮ್ಮ ಹೇಳಿದ್ದು.

ನಿಮ್ಮಿಂದ ಒಂದು ಮಾತು ಬಚ್ಚಿಟ್ಟಿದ್ದೇನೆ. ಇಂಥ ಕಾಗದವನ್ನು ನಾನು ಪವಿತ್ರಳಿಗೆ ಮಾತ್ರ ಬರೆದುಕೊಟ್ಟಿಲ್ಲ. ಇನ್ನೂ ಮೂರು ಮನೆಗೆ ಕೊಟ್ಟಿದ್ದೇನೆ. ಮೂವರಿಗೂ ಮತ್ತೆ ಮದುವೆಯಾಗಿದೆ. ಯಾರೂ ಕೋರ್ಟಿನ ಮೆಟ್ಟಿಲು ಹತ್ತಿಲ್ಲ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಅವರಲ್ಲೊಬ್ಬಳು ಸಿಕ್ಕಳು. ಮೈ ತುಂಬಿಕೊಂಡಿದ್ದಾಳೆ, ಮುಖದಲ್ಲಿ ನಗು. "ನಿಮ್ಮಿಂದ್ಲೇ ಬದುಕ್ದೆ ಸಾ" ಎಂದು ಮಗಳ ಕೈಯಲ್ಲಿ ನನ್ನ ಕಾಲು ಮುಟ್ಟಿಸಿದಳು. ಹೇಳಬೇಕೆಂದು ಬಾಯಿ ತೆರೆದೆ. "ಚೆನ್ನಾಗಿ ಓದು ಕಂದ" ಅಂದು ಬಸ್ಸು ಹತ್ತಿಬಿಟ್ಟೆ.

ನೀವಾಗಿದ್ದರೆ ಹೇಳುತ್ತಿದ್ದಿರಾ?