ಮಾತು ಕೊಡುವ ಬೆಂಚು

ಸಾಣೆಯಕ್ಕನ ಮುತ್ತಜ್ಜ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವನು. ಬೇಗ ಮುಗಿಸು ಎಂದು ಚಾಟಿ ಆಡಿಸಿದ ಸವಾರನೊಬ್ಬನ ಕುದುರೆಗೆ ಮೂರೇ ಲಾಳ ಹೊಡೆದು, ನಾಲ್ಕನೆಯದನ್ನು ಅವನ ಕೈಗೇ ಕೊಟ್ಟು, ಅವಸರ ಇರುವವರು ದಾರಿಯಲ್ಲಿ ತಾವೇ ಹೊಡೆದುಕೊಳ್ಳುತ್ತಾರೆ ಎಂದು ಕಳಿಸಿದನಂತೆ. ಅವನ ಮಗ ಕುರಿಯ ಉಣ್ಣೆ ತೆಗೆಯುವ ಕತ್ತರಿಗೆ ಇಳಿದ. ಆ ಮಗನ ಹೆಂಡತಿ, ಅಂದರೆ ಅಕ್ಕನ ಅಜ್ಜಿ, ದಿನ ತುಂಬಿದ ಬಸುರಿಯಾಗಿ ತಿದಿ ಒತ್ತುತ್ತಿದ್ದಾಗಲೇ ಹೊಟ್ಟೆನೋವು ಶುರುವಾಯಿತು. ಕೆಂಪಗೆ ಕಾದಿದ್ದ ಅಲಗನ್ನು ಎಣ್ಣೆಗೆ ಅದ್ದಿ, ಹದ ಸರಿಯಾಯಿತೆಂದು ನೋಡಿಕೊಂಡೇ ಅವಳು ಒಳಗೆ ಹೋಗಿ ಮಲಗಿದ್ದು. ಅಂದು ಹುಟ್ಟಿದವನು ಅಕ್ಕನ ಅಪ್ಪ. ಅವನು ದರ್ಜಿಗಳ ಕತ್ತರಿ ಮಾಡಿದ. ಅವನ ಕತ್ತರಿ ಕೊಂಡ ದರ್ಜಿಗಳು ಅದನ್ನು ಹೆಂಡತಿಗೂ ಮುಟ್ಟಗೊಡುತ್ತಿರಲಿಲ್ಲ, ಸಾಯುವಾಗ ಮಗನಿಗೆ ಬಿಟ್ಟು ಹೋಗುತ್ತಿದ್ದರು. ಇಂಥ ಮನೆತನದಲ್ಲಿ ಹುಟ್ಟಿದವರಿಗೆ ಬೆನ್ನುಮೂಳೆ ಸ್ವಲ್ಪ ನೆಟ್ಟಗಿರುತ್ತದೆ. ಬಾಗಬೇಕಾದಾಗಲೂ ಬಾಗುವುದಿಲ್ಲ ಎನ್ನುವುದು ಅದರ ಇನ್ನೊಂದು ಮುಖ.

ಅಪ್ಪ ಹೋದ ಮೇಲೆ ಕಾರ್ಖಾನೆ ಅಣ್ಣ ತಂಗಿಯ ಕೈಗೆ ಬಂತು. ಕಾರ್ಖಾನೆ ಎಂದರೆ ಏನು ಮಹಾ, ಒಂದರ ಹಿಂದೆ ಒಂದು ಮೂರು ಕೋಣೆ. ಬೀದಿಯ ಕಡೆಗೆ ಸಾಣೆಚಕ್ರಗಳು, ಅವುಗಳ ಕೆಳಗೆ ಬೂದು ನೀರಿನ ತೊಟ್ಟಿ. ನಡುವೆ ಕುಲುಮೆ, ಎಣ್ಣೆಯ ಪೀಪಾಯಿ. ಹಿಂದಿನ ಕೋಣೆಯಲ್ಲಿ ಒಂದೇ ಕಿಟಕಿ, ಆ ಕಿಟಕಿಯ ಬೆಳಕಿಗೆ ಒಂದು ಬೆಂಚು. ಸಾಣೆ ಹಿಡಿಯುವುದು, ವ್ಯಾಪಾರ ಮಾಡುವುದು, ಬೈಯುವುದು ತಂಗಿಯ ಪಾಲು, ಅದಕ್ಕೇ ಅವಳು ಬೀದಿಗೆಲ್ಲ ಸಾಣೆಯಕ್ಕ. ಬೆಂಚು ಮತ್ತು ಮೌನ ಅಣ್ಣನ ಪಾಲು. ಆಕೆಯ ಗಂಡ ಲಾರಿ ಓಡಿಸುವವನು, ಮನೆಗಿಂತ ರಸ್ತೆಯಲ್ಲೇ ಸಂಸಾರ ಮಾಡಿದವನು. ಅದರಿಂದ ಅಕ್ಕನಿಗೆ ಹಗಲೆಲ್ಲ ಕಣ್ಣೆದುರು ಇದ್ದ ಮನುಷ್ಯ ಎಂದರೆ ಅಣ್ಣನೇ. ನಾನು ಪಕ್ಕದ ಗೋಡೆಯವನು, ಅವರ ಕತ್ತರಿಗೆ ತಿರುಪು ಮಾಡಿಕೊಡುವವನು. ಆ ಗೋಡೆ ತೆಳುವಾದ್ದರಿಂದ ಈ ಕಥೆಯ ಮುಕ್ಕಾಲು ಪಾಲು ನನ್ನ ಕಿವಿಗೆ ತಾನಾಗಿ ಬಂದದ್ದು.

ಅಣ್ಣನ ಕೆಲಸವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕತ್ತರಿಯ ಎರಡು ಅಲಗು ನೆಟ್ಟಗಿದ್ದರೆ ಅದು ಏನನ್ನೂ ಕತ್ತರಿಸುವುದಿಲ್ಲ, ಬಟ್ಟೆ ನಡುವೆ ಮಡಚಿಕೊಳ್ಳುತ್ತದೆ. ಎರಡನ್ನೂ ಕಂಡೂ ಕಾಣದಷ್ಟು ಬಾಗಿಸಬೇಕು. ಆಗ ಅವು ಒಂದೇ ಒಂದು ಚುಕ್ಕೆಯಲ್ಲಿ ತಾಗುತ್ತವೆ, ಮುಚ್ಚುತ್ತ ಹೋದಂತೆ ಆ ಚುಕ್ಕೆ ಬುಡದಿಂದ ತುದಿಗೆ ಓಡುತ್ತದೆ. ಹಾಗೆ ಬಾಗಿಸುವುದು ಸುತ್ತಿಗೆಯಿಂದ, ಅಳೆಯುವುದು ಕಿವಿಯಿಂದ. ಸರಿಯಾದ ಕತ್ತರಿ ರೇಷ್ಮೆ ಎಳೆದಂತೆ ಒಂದೇ ಉಸಿರಿನಲ್ಲಿ 'ಸ್ಸ್' ಎನ್ನುತ್ತದೆ. ಸರಿಯಿಲ್ಲದ್ದು ನಡುವೆ ತೊದಲುತ್ತದೆ. ಅದಕ್ಕೇ ಅಪ್ಪನ ಕಾಲದಿಂದಲೂ ಆ ಮನೆಯಲ್ಲಿ ಆ ಕೆಲಸಕ್ಕೆ 'ಮಾತು ಕೊಡುವುದು' ಎಂದೇ ಹೆಸರು. ಕತ್ತರಿಗೆ ಮಾತು ಬಂತಾ, ಇದಕ್ಕಿನ್ನೂ ಮಾತು ಕೊಟ್ಟಿಲ್ಲ, ಎಂದೆಲ್ಲ ಅಲ್ಲಿ ಕೇಳಿಬರುತ್ತಿತ್ತು. ಹೊರಗಿನವರಿಗೆ ಇದು ಹುಚ್ಚರ ಸಂತೆ.

ಈಗ ಸಂಕಟಕ್ಕೆ ಬರುತ್ತೇನೆ. ಅಣ್ಣನ ಕಿವಿ ಮಂದವಾಗುತ್ತ ಬಂತು. ಜೀವಮಾನವೆಲ್ಲ ಸುತ್ತಿಗೆಯ ಏಟು, ಸಾಣೆಯ ಕಿರುಚಾಟ ಎರಡನ್ನೂ ಕುಡಿದ ಕಿವಿ ಇನ್ನೇನಾದೀತು? ಮೊದಲು ಹಕ್ಕಿಯ ದನಿ ಹೋಯಿತು, ಆಮೇಲೆ ಹೆಂಡತಿಯ ದನಿ. ಹೆಂಡತಿಯದು ಹೋದದ್ದು ಲಾಭವೇ ಎಂದು ಅವನೇ ನಗುತ್ತಿದ್ದ. ಆದರೆ ಕತ್ತರಿಯ ದನಿಯೂ ಹೋಗಿದೆ ಎಂದು ಅವನಿಗೆ ತಿಳಿಯಲಿಲ್ಲ, ಏಕೆಂದರೆ ಕೈಯ ಅಭ್ಯಾಸದಲ್ಲಿ ಆ ಸದ್ದು ಅವನಿಗೆ ತಲೆಯೊಳಗೇ ಕೇಳುತ್ತಿತ್ತು. ಅಕ್ಕನಿಗೆ ತಿಳಿಯಿತು. ಅವಳು ಬಾಯಿ ಬಿಡಲಿಲ್ಲ. ಮಧ್ಯಾಹ್ನ ಅಣ್ಣ ಊಟಕ್ಕೆ ಹೋಗಿ ಒಂದು ನಿದ್ದೆ ತೆಗೆದು ಬರುವಷ್ಟರಲ್ಲಿ ಅವನ ಬೆಂಚಿಗೆ ಕೂತು, ಒಂದೊಂದನ್ನೂ ಕಿವಿಗೆ ಹಿಡಿದು, ತೊದಲುವುದನ್ನೆಲ್ಲ ತಿದ್ದಿ, ಇದ್ದ ಹಾಗೇ ಜೋಡಿಸಿ ಎದ್ದುಬಿಡುತ್ತಿದ್ದಳು. ಅಣ್ಣ ಬಂದು ತನ್ನ ಕೆಲಸವೆಂದುಕೊಂಡು ಅವುಗಳ ಮೇಲೆ ಕೈಯಾಡಿಸುತ್ತಿದ್ದ. ಪಾಲಿಷ್ ಮಾಡುವ ಹೆಂಗಸು ಎಲ್ಲ ಕಂಡೂ ಸುಮ್ಮನಿದ್ದಳು. ಅವಳು ಸುಮ್ಮನಿದ್ದ ಸಂಗತಿ ಲೋಕದಲ್ಲಿ ಇದೊಂದೇ.

ಅಷ್ಟರಲ್ಲಿ ದೂರದ ದೇಶಗಳ ಅಚ್ಚಿನ ಕತ್ತರಿಗಳು ಪೇಟೆಗೆ ಸುರಿದವು. ತಿಂಗಳಿಗೊಂದು ಮುರಿದರೂ ಚಿಂತೆಯಿಲ್ಲದಷ್ಟು ಅಗ್ಗ. ನಮ್ಮ ಬೀದಿಯ ಬಾಗಿಲುಗಳು ಒಂದೊಂದೇ ಮುಚ್ಚತೊಡಗಿದಾಗ ಸರ್ಕಾರ ಸಣ್ಣ ಕಾರ್ಖಾನೆಗಳಿಗೆಂದು ಒಂದು ನೆರವಿನ ಕಚೇರಿ ತೆರೆಯಿತು. ಸಲಹೆಗಾರರು ಬಂದು ಪುಕ್ಕಟೆಯಾಗಿ ದಾರಿ ತೋರಿಸುತ್ತಾರೆ, ಹೊಸ ಯಂತ್ರ ಬೇಕಾದರೆ ಅರ್ಧ ಬೆಲೆ ಸರ್ಕಾರದ್ದು. ನಾನು ಅನುಮಾನದಿಂದಲೇ ಹೋದವನು, ನೆರವು ಪಡೆದು ಬದುಕಿಕೊಂಡೆ, ಆದ್ದರಿಂದ ಆಡಿಕೊಳ್ಳಲಾರೆ.

ಅಕ್ಕನ ಪಾಲಿಗೆ ಬಂದ ಸಲಹೆಗಾರ ಕೊರಳಿಗೆ ಗಡಿಯಾರ ಕಟ್ಟಿಕೊಂಡು, ಯಾರು ಎಷ್ಟು ಹೊತ್ತು ಏನು ಮಾಡುತ್ತಾರೆ ಎಂದು ನೋಡುತ್ತ ನಿಲ್ಲುತ್ತಿದ್ದ. ಪಾಲಿಷಿನವಳು ಮೊದಲ ದಿನವೇ ಅವನಿಗೆ ಗಡಿಯಾರದಪ್ಪ ಎಂದು ಹೆಸರಿಟ್ಟಳು. ತಾನು ಕೆಮ್ಮಿದರೂ ಬರೆದುಕೊಳ್ಳುತ್ತಾನೆ ಎಂದು ದೂರಿದಳು. ಆದರೆ ಆಸಾಮಿ ಒಳ್ಳೆಯವನು, ಕೈ ಕೊಳೆ ಮಾಡಿಕೊಳ್ಳಲು ಹೇಸದವನು. ಎಣ್ಣೆಯ ಪೀಪಾಯಿಯನ್ನು ತಾನೇ ಉರುಳಿಸಿ ಕುಲುಮೆಯ ಬದಿಗೆ ತಂದ. ಅಲಗುಗಳು ಮೂರು ಕೋಣೆಯಲ್ಲಿ ಹಿಂದಕ್ಕೂ ಮುಂದಕ್ಕೂ ಮದುವೆ ದಿಬ್ಬಣದಂತೆ ಓಡಾಡುತ್ತಿದ್ದವು, ಅವು ಒಂದೇ ದಿಕ್ಕಿಗೆ ಸಾಗುವಂತೆ ಮಾಡಿದ. ಹಳೇ ಸಾಮಾನು ಗುಡಿಸಿ ಹಾಕಿಸಿದ. ಮಳೆಗಾಲ ಕಳೆಯುವುದರೊಳಗೆ ಮೊದಲಿಗಿಂತ ಎಷ್ಟೋ ಹೆಚ್ಚು ಮಾಲು ತಯಾರಾಗತೊಡಗಿತು. ಸಿದ್ಧ ಉಡುಪಿನ ದೊಡ್ಡ ಕಾರ್ಖಾನೆಯೊಂದು ಇವರ ಕತ್ತರಿಯನ್ನೇ ತರಿಸಿಕೊಳ್ಳಲು ಒಪ್ಪಿತು. ಅಕ್ಕ ಅವನಿಗೆ ತನ್ನ ಕೈಯಾರೆ ಚಹಾ ಮಾಡಿ ಕೊಡುವ ಮಟ್ಟಕ್ಕೆ ಬಂದಳು, ಅದು ಸುಲಭಕ್ಕೆ ಸಿಗುವ ಮರ್ಯಾದೆಯಲ್ಲ.

ಹಿಂದಿನ ಕೋಣೆಗೆ ಮಾತ್ರ ಅವನನ್ನು ಬಿಡಲಿಲ್ಲ. ಅಲ್ಲಿ ನೋಡುವಂಥದ್ದು ಏನಿಲ್ಲ ಎನ್ನುತ್ತ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

ಅಲ್ಲೇ ಕೆಟ್ಟಿತು. ಮಾಲು ಹೆಚ್ಚಾದದ್ದು ಮುಂದಿನ ಎರಡು ಕೋಣೆಗಳಲ್ಲಿ. ಅದೆಲ್ಲ ಅಣ್ಣನ ಬೆಂಚಿಗೆ ಬಂದು ಬೀಳುತ್ತಿತ್ತು. ಅವನ ಕೈ ಚುರುಕೇ, ಅಷ್ಟನ್ನೂ ಮುಗಿಸುತ್ತಿದ್ದ. ಆದರೆ ಮಧ್ಯಾಹ್ನದ ಅಷ್ಟು ಹೊತ್ತಿನಲ್ಲಿ ಅಷ್ಟನ್ನೂ ತಿದ್ದಲು ಅಕ್ಕನಿಗೆ ಸಾಧ್ಯವಾಗಲಿಲ್ಲ. ತೊದಲುವ ಕತ್ತರಿಗಳು ಹಾಗೇ ಡಬ್ಬಿಯೊಳಗೆ ಹೋದವು, ಉಡುಪಿನ ಕಾರ್ಖಾನೆಯಿಂದ ಹಾಗೇ ವಾಪಸ್ಸು ಬಂದವು. ನೆರವು ಫಲಿಸಿದ್ದರಿಂದಲೇ ಮುಚ್ಚಿಟ್ಟದ್ದು ಬಯಲಾಗುವ ಹೊತ್ತು ಬಂತು ನೋಡಿ. ಕೆಂಡದ ಮೇಲಿನ ಬೂದಿಯನ್ನು ಗಾಳಿಯೇ ಹಾರಿಸಿದ ಹಾಗೆ.

ಗಡಿಯಾರದಪ್ಪ ವಾಪಸ್ಸು ಬಂದ ಕತ್ತರಿಗಳನ್ನೂ, ಉಡುಪಿನ ಕಾರ್ಖಾನೆ ಇಟ್ಟುಕೊಂಡವುಗಳಲ್ಲಿ ಕೆಲವನ್ನೂ ತರಿಸಿ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದ. ಒಪ್ಪಿಗೆಯಾದವುಗಳ ಮೇಲೆ ಎರಡು ಸಲ ಸುತ್ತಿಗೆ ಬಿದ್ದ ಗುರುತಿತ್ತು, ತಿರುಗಿ ಬಂದವುಗಳ ಮೇಲೆ ಒಂದು ಸಲದ್ದು ಮಾತ್ರ. ದಿನಾ ಮಧ್ಯಾಹ್ನ ಅಕ್ಕ ಹಿಂದಿನ ಕೋಣೆಗೆ ಹೋಗುವುದನ್ನು ಮೊದಲೇ ಬರೆದುಕೊಂಡಿದ್ದ ಅವನಿಗೆ ವಿಷಯ ಹೊಳೆಯಿತು. ಅಲಗನ್ನು ಅಳತೆ ಹಿಡಿದು ಬಾಗಿಸುವ ಒಂದು ಯಂತ್ರವಿದೆ, ಬೇರೆಲ್ಲೂ ಜಾಗವಿಲ್ಲದ್ದರಿಂದ ಅದನ್ನು ಹಿಂದಿನ ಕೋಣೆಯ ಕಿಟಕಿಯ ಬಳಿ ಕೂರಿಸಿದರೆ ಎಲ್ಲ ಸರಿಹೋಗುತ್ತದೆ, ಕಚೇರಿಯೂ ಒಪ್ಪಿದೆ ಎಂದು ಹೇಳಲು ಒಂದು ದಿನ ಬಂದ. ಅಕ್ಕ ಉಕ್ಕು ತರಲು ಪೇಟೆಗೆ ಹೋಗಿದ್ದಳು. ಕರೆಂಟು ಹೋಗಿ ಚಕ್ರಗಳೆಲ್ಲ ನಿಂತಿದ್ದವು. ಬಾಗಿಲಲ್ಲಿ ಪಾಲಿಷಿನವಳು ಕೂತು ಕಾಲು ನೀಡಿಕೊಂಡಿದ್ದಳು.

"ಅಕ್ಕ ಇಲ್ವಾ? ಇವತ್ತೇ ಒಪ್ಪಿಗೆ ಬೇಕಿತ್ತಲ್ಲ. ಅವರು ಬಿಟ್ರೆ ಇಲ್ಲಿ ಮಾತು ಕೊಡೋರು ಯಾರು?" ಎಂದು ಅವನು ಕೇಳಿದ.

"ಮಾತು ಕೊಡೋದಾ? ಅಕ್ಕ ಎಲ್ಲಿ ಕೊಡ್ತಾರೆ. ಅದು ದೊಡ್ಡಣ್ಣಂದೇ. ಅವರು ಮಾತು ಕೊಡದೆ ಇಲ್ಲಿಂದ ಒಂದು ಕತ್ತರಿ ಹೊರಗೆ ಹೋಗಲ್ಲ," ಎಂದಳು ಅವಳು.

ಅವಳು ಹೇಳಿದ್ದು ಬೆಂಚಿನ ಕೆಲಸ. ಅವನು ಕೇಳಿಸಿಕೊಂಡದ್ದು ಮನೆಯ ಯಜಮಾನಿಕೆ. ಹಿರಿಯರನ್ನು ಬಿಟ್ಟು ಇಷ್ಟು ದಿನ ತಂಗಿಯ ಜೊತೆ ವ್ಯವಹರಿಸಿದೆನಲ್ಲ, ಅದಕ್ಕೇ ಆಕೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು ಎಂದುಕೊಂಡು, ಪಾಪ, ಚಪ್ಪಲಿ ಕಳಚಿ ಒಳಗೆ ಹೋದ. ಅಣ್ಣನೆದುರು ಸ್ಟೂಲಿನ ಮೇಲೆ ಕೂತು ವಿನಯದಿಂದ ಎಲ್ಲ ವಿವರಿಸಿದ. ಅಣ್ಣ ತಲೆಯಾಡಿಸಿದ, ಏನೂ ಕೇಳಿಸದೆ. ಅವನು ದನಿ ಏರಿಸಿದ. ಅಣ್ಣ ಮತ್ತೂ ನಗುಮುಖದಿಂದ ತಲೆಯಾಡಿಸಿದ. ಕೊನೆಗೆ ಅವನು ಕೂಗಿಯೇ ಹೇಳಿದ. ಚಕ್ರಗಳು ನಿಂತು ಬೀದಿಯೇ ಮೌನವಾಗಿತ್ತು, ನನ್ನ ಕಡೆಯ ಕೆಲಸದವರೂ ಕೈ ಕಟ್ಟಿ ನಿಂತಿದ್ದರು, ಎಲ್ಲರಿಗೂ ಕೇಳಿತು.

"ನಿಮ್ಮ ಕೈಯಿಂದ ಹೋದವೇ ವಾಪಸ್ ಬರ್ತಿರೋದು. ನಿಮ್ಮ ತಂಗಿ ಎರಡನೇ ಸಲ ತಿದ್ದಿದವು ಮಾತ್ರ ನಿಲ್ತಾ ಇದಾವೆ. ಯಂತ್ರ ಬಂದ್ರೆ ಅವರಿಗೂ ದಿನಾ ಮಧ್ಯಾಹ್ನದ ಈ ಕಷ್ಟ ತಪ್ಪುತ್ತೆ!"

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಅಣ್ಣ ಬೆಂಚಿನ ಮೇಲಿನ ಒಂದು ಕತ್ತರಿ ಎತ್ತಿ ಕಿವಿಯ ಬಳಿ ತೆರೆದು ಮುಚ್ಚಿದನಂತೆ. ಇನ್ನೊಂದು ಕಿವಿಗೂ ಹಿಡಿದನಂತೆ. ಆಮೇಲೆ ಅದನ್ನು ಗಡಿಯಾರದಪ್ಪನ ಕೈಗೆ ಕೊಟ್ಟು, ಇದು ಏನನ್ನುತ್ತದೆ ಎಂದು ಕೇಳಿದ. ತುದಿಯ ಹತ್ತಿರ ತಡೆಯುತ್ತದೆ ಎಂದು ಅವನು ಇದ್ದದ್ದು ಹೇಳಿದ. ಅಣ್ಣ ಚರ್ಮದ ಏಪ್ರನ್ ಬಿಚ್ಚಿ ಮೊಳೆಗೆ ನೇತು ಹಾಕಿದ, ಸುತ್ತಿಗೆಯನ್ನು ಬಟ್ಟೆಯಲ್ಲಿ ಒರೆಸಿ ಇಟ್ಟ, ಬೀದಿಯಲ್ಲಿ ಯಾರ ಮುಖವನ್ನೂ ನೋಡದೆ ಮನೆಗೆ ನಡೆದ. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಅಕ್ಕ ಮೊದಲು ಪಾಲಿಷಿನವಳನ್ನು ಬೈದಳು. ಅವಳು ಅತ್ತು, ನಾನು ನಿಜ ತಾನೇ ಹೇಳಿದ್ದು ಎಂದಳು. ಗಡಿಯಾರದಪ್ಪನನ್ನು ಬೈಯಲು ಹೋದರೆ ಅವನ ಕಣ್ಣಲ್ಲೇ ನೀರು. ಬೈಯಲು ಉಳಿದವಳು ತಾನೊಬ್ಬಳೇ. ಅಣ್ಣನ ಮನೆಗೆ ಹೋದಳು. ಅತ್ತಿಗೆ ಬಾಗಿಲು ತೆಗೆದು, ಊಟ ಮಾಡ್ತಾರೆ, ಮಾತಿಲ್ಲ, ನೀನಾದರೂ ಮಾತಾಡಿಸು ಎಂದಳು. ಅಣ್ಣ ಕಿಟಕಿಯ ಬಳಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಅಲ್ಲಿ ನಡೆದದ್ದನ್ನು ಅಕ್ಕ ಬಹಳ ದಿನದ ಮೇಲೆ ನನ್ನ ಹೆಂಡತಿಗೆ ಹೇಳಿದಳು.

"ಮುಖಕ್ಕೆ ಹೇಳ್ಬಾರದಿತ್ತೇನೆ?" ಎಂದನಂತೆ ಅಣ್ಣ.

ತಂಗಿ ಅವನ ಕಿವಿಯ ಬಳಿ ಬಾಗಿ, "ಹೇಳಿದ್ರೆ ನೀನು ಕಾರ್ಖಾನೆಗೆ ಬರ್ತಿರಲಿಲ್ಲ," ಎಂದಳು.

"ದಿನಾ ಬಂದು ನಿನ್ನ ಕಣ್ಣೆದುರು ಆಟ ಆಡ್ತಾ ಕೂತಿದ್ನಲ್ಲ. ಮಗೂಗೆ ಆಟದ ಸಾಮಾನು ಕೊಟ್ಟ ಹಾಗೆ ನನಗೆ ಸುತ್ತಿಗೆ ಕೊಟ್ಟಿದ್ದೆ. ಯಂತ್ರ ತಗೋ. ನನ್ನ ಹೆಸರು ಹೇಳ್ಕೊಂಡು ಬೇಡ ಅನ್ಬೇಡ."

ಇದಾದ ಮೇಲೆ ಅಕ್ಕ ಬೆಂಚಿನಲ್ಲಿ ಕೂತು ಎಲ್ಲವನ್ನೂ ತಾನೇ ಮಾಡಲು ನೋಡಿದಳು. ಸಾಣೆ ಬಿಟ್ಟರೆ ಅಲಗಿಲ್ಲ, ಬೆಂಚು ಬಿಟ್ಟರೆ ಕತ್ತರಿಯಿಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟವಳ ಪಾಡು. ಉಡುಪಿನ ಕಾರ್ಖಾನೆಯವರು ಇನ್ನೊಮ್ಮೆ ಕೆಟ್ಟ ಮಾಲು ಬಂದರೆ ನಿಮ್ಮ ಸಹವಾಸ ಸಾಕು ಎಂದು ಎಚ್ಚರಿಕೆ ಹೇಳಿ ಕಳಿಸಿದರು. ಯಂತ್ರ ಬಂದರೆ ಮನೆತನದ ಕಸುಬು ಉಳಿಯುತ್ತದೆ, ಬಾರದಿದ್ದರೆ ಬಾಗಿಲು ಮುಚ್ಚುತ್ತದೆ. ಇದು ಬೀದಿಗೆಲ್ಲ ಗೊತ್ತಿದ್ದ ಲೆಕ್ಕ. ನಾನೂ ಗೋಡೆ ದಾಟಿ ಹೋಗಿ, ಕಬ್ಬಿಣ ಕಾದಿರುವಾಗಲೇ ಬಡಿಯಬೇಕು ತಾಯಿ, ಸರ್ಕಾರದ ಬಾಗಿಲು ಎರಡು ಸಲ ತೆರೆಯುವುದಿಲ್ಲ ಎಂದು ಬುದ್ಧಿ ಹೇಳಿದೆ. ಅವಳು ನನ್ನ ತಿರುಪುಗಳನ್ನು ಎಣಿಸದೆ ಡಬ್ಬಿಗೆ ಸುರಿದುಕೊಂಡಳು. ಎಂದೂ ಎಣಿಸದೆ ಬಿಟ್ಟವಳಲ್ಲ.

ಗಡಿಯಾರದಪ್ಪ ಕೊನೆಯ ಸಲ ಬಂದಾಗ ನಾನು ಅಲ್ಲೇ ಇದ್ದೆ. ಅವನು ಗಡಿಯಾರ ತಂದಿರಲಿಲ್ಲ. ಅಣ್ಣನಿಗೆ ಬೇರೆ ಕೆಲಸ ಕೊಡೋಣ, ಕಾಗದ ಸುತ್ತುವುದೋ, ಡಬ್ಬಿ ತುಂಬುವುದೋ, ಸಂಬಳದಲ್ಲಿ ಬಿಡಿಕಾಸು ಕಡಿಮೆಯಾಗದಂತೆ ನೋಡೋಣ ಎಂದ. ಕಿವಿಗೆ ಯಂತ್ರ ಹಾಕಿಸಲು ಇನ್ನೊಂದು ಇಲಾಖೆಗೆ ತಾನೇ ಬರೆಯುತ್ತೇನೆ ಎಂದ. ಹಾಕಿಸಿದರೂ ಆ ಸಣ್ಣ ಸದ್ದು ಮರಳುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರು, ಅದು ಅವನಿಗೂ ಗೊತ್ತಿತ್ತು. ಸಂಜೆಯೊಳಗೆ ಒಪ್ಪಿಗೆ ಕೊಡದಿದ್ದರೆ ಯಂತ್ರ ಬೇರೆಯವರ ಪಾಲಾಗುತ್ತದೆ ಎನ್ನುವಾಗ ಅವನ ದನಿ ಬೇಡಿಕೊಳ್ಳುವಂತಿತ್ತು. ಅಕ್ಕ ಹಿಂದಿನ ಕೋಣೆಯ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಕೊನೆಯವರೆಗೆ ಕೇಳಿದಳು. ಆಮೇಲೆ ಹೇಳಿದಳು:

"ನೀವು ಹೇಳಿದ್ರಲ್ಲಿ ಒಂದೂ ಸುಳ್ಳಿಲ್ಲ ಸಾರ್. ಯಂತ್ರ ಒಳ್ಳೇದು, ನೀವೂ ಒಳ್ಳೆಯವರು. ನಾಳೆ ಈ ಬಾಗಿಲು ಮುಚ್ಚಿದ್ರೆ ನನ್ನ ಹಟಕ್ಕೆ ಮುಚ್ಚಿತು ಅಂತ ಬರ್ಕೊಳ್ಳಿ, ನಾನೇ ರುಜು ಹಾಕ್ತೀನಿ. ಆದ್ರೆ ಆ ಕಿಟಕಿ ಹತ್ರ ಇರೋದು ಒಬ್ಬರು ಕೂರೋ ಜಾಗ. ಅಲ್ಲಿ ಯಂತ್ರ ಕೂತಿತು ಅಂದ್ರೆ ನಮ್ಮಣ್ಣ ಇನ್ನು ಈ ಬೀದಿಗೆ ಕಾಲಿಡಲ್ಲ. ಖಾಲಿ ಇದ್ರೆ ನನ್ನನ್ನ ಬೈಯೋಕಾದ್ರೂ ಒಂದು ದಿನ ಬಂದಾನು. ಬರದೇನೂ ಇರಬಹುದು. ಅವನನ್ನ ಕೇಳದೆ ಇಷ್ಟು ದಿನ ಅವನ ಜಾಗದಲ್ಲಿ ಕೂತೆ, ಅದೇ ಸಾಕು. ನನಗೆ ಬೇಡ ಸಾರ್. ಬೇರೆಯವರಿಗೆ ಕೊಡಿ."